ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಓದಿಸುವವರೇ, ಪ್ಯಾರಾ ಕ್ರೀಡೆಗೆ ಒಂದು ಗಂಟೆ ಸಾಕಾ?

ತುಮಕೂರು_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಪದವಿ ತರಗತಿಗಳಿಗೆ ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಪಾಠ ಮಾಡುತ್ತೇನೆ. ಮುಂದಿನ ವರ್ಷಕ್ಕೆ ಸಿಲಬಸ್ ತಿದ್ದುವ ಕೆಲಸ ಶುರುವಾಗಿದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಈಗ ನಮ್ಮಲ್ಲಿ ಅಂಗವಿಕಲರ ಕ್ರೀಡೆಗೆ ಸಿಕ್ಕಿರುವ ಜಾಗ ಎಷ್ಟು ಗೊತ್ತಾ? ಕೊನೆಯ ಯೂನಿಟ್‌ನ ಕೊನೆಯ ಸಾಲಿನಲ್ಲಿ ‘ಪ್ಯಾರಾಲಿಂಪಿಕ್ಸ್’ ಅಂತ ಒಂದು ಪದ. ಅಲ್ಲಿಗೆ ಬರುವಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ. ಜಾಸ್ತಿ ಅಂದರೆ ಪದಕ ಗೆದ್ದ ಒಬ್ಬರನ್ನು ಕರೆಸಿ, ಶಾಲು ಹೊದಿಸಿ, ಒಂದು ಗಂಟೆ ಮಾತಾಡಿಸಿ, ಫೋಟೋ ತೆಗೆಸಿಕೊಂಡು ಕಳಿಸುತ್ತೇವೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಅವರು ಕಷ್ಟಪಟ್ಟು ಗೆದ್ದರು ಅನ್ನುವುದು ತಲೆಯಲ್ಲಿ ಉಳಿಯುತ್ತದೆ. ಆದರೆ ಅವರ ಪ್ರಯಾಣದ ಟಿಕೆಟ್ ಯಾರು ಮಾಡಿಸಿದರು, ಅವರು ಯಾವ ವರ್ಗದಲ್ಲಿ (ಅಂಗವೈಕಲ್ಯ ಎಂಥದ್ದು, ಎಷ್ಟು ಅಂತ ನೋಡಿ ಮಾಡುವ ಗುಂಪು) ಆಡುತ್ತಾರೆ, ಆ ವರ್ಗ ಯಾರು ಕೊಟ್ಟರು, ಸ್ಪಾನ್ಸರ್ ಯಾಕೆ ಸಿಗಲಿಲ್ಲ, ಇದ್ಯಾವುದನ್ನೂ ಯಾರೂ ಕೇಳುವುದಿಲ್ಲ. ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳು ಕೇಳಬೇಕಾದದ್ದು ಅದನ್ನೇ ಅಲ್ವಾ?

ನಮ್ಮ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ್ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಹೈಜಂಪ್‌ನಲ್ಲಿ 1.74 ಮೀಟರ್ ಹಾರಿ ಬೆಳ್ಳಿ ಗೆದ್ದಾಗ ಇಡೀ ದೇಶಕ್ಕೆ ಅಲ್ಲಿ ಬಂದದ್ದು ಅದೊಂದೇ ಪದಕ. 2016ರ ರಿಯೋದಲ್ಲಿ 4. ಟೋಕಿಯೋದಲ್ಲಿ 19. 2024ರ ಪ್ಯಾರಿಸ್‌ನಲ್ಲಿ 29. ಹನ್ನೆರಡು ವರ್ಷದಲ್ಲಿ ಒಂದರಿಂದ ಇಪ್ಪತ್ತೊಂಬತ್ತಕ್ಕೆ ಏರಿದ ಇನ್ನೊಂದು ಕ್ರೀಡಾಕ್ಷೇತ್ರ ನಮ್ಮ ದೇಶದಲ್ಲಿ ನನಗಂತೂ ಕಾಣುವುದಿಲ್ಲ. ಇದರ ಹಿಂದೆ ಕೋಚ್, ಫಿಸಿಯೋ, ಟೀಮ್ ಮ್ಯಾನೇಜರ್, ಫೆಡರೇಶನ್ ಕಚೇರಿ, ಸರ್ಕಾರದ ಯೋಜನೆ ಎಲ್ಲ ಇದೆ. ನಮ್ಮ ಪಾಠದಲ್ಲಿ ಮಾತ್ರ ಇದ್ಯಾವುದೂ ಇಲ್ಲ.

ಪ್ರಶ್ನೆ ಇಷ್ಟು. ಇದಕ್ಕೆ ಪ್ರತ್ಯೇಕ ಪೇಪರ್ ಇಡಬೇಕಾ, ಅಥವಾ ಇರುವ ಪೇಪರ್‌ಗಳ ಒಳಗೇ ಸೇರಿಸಬೇಕಾ? ಪಾಠ ಮಾಡುವವರು, ಆಡುವವರು, ಈವೆಂಟ್ ನಡೆಸಿದವರು ದಯವಿಟ್ಟು ಬರೆಯಿರಿ.

ಧಾರವಾಡ_ಪಿಡಿ

ಮೇಷ್ಟ್ರೇ, ನಿಮ್ಮ ಕಾಳಜಿ ಒಪ್ಪುತ್ತೇನೆ, ಆದರೆ ವಾಸ್ತವ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕ, ಸಿಲಬಸ್ ಸಮಿತಿಗಳಲ್ಲೂ ಕೂತಿದ್ದೇನೆ. ಮಕ್ಕಳು ಈ ಕೋರ್ಸಿಗೆ ಬರುವುದು ಐಪಿಎಲ್ ತಂಡ, ಪ್ರೊ ಕಬಡ್ಡಿ, ಜಿಮ್, ಸ್ಪೋರ್ಟ್ಸ್ ಅಕಾಡೆಮಿ ಅಂತ ಕೆಲಸ ಹುಡುಕಿಕೊಂಡು. ಕ್ರೆಡಿಟ್ ಲೆಕ್ಕದಲ್ಲಿ ಈಗಲೇ ಜಾಗ ಇಲ್ಲ. ಹೊಸ ಪೇಪರ್ ಇಟ್ಟರೆ ಯಾವುದನ್ನು ತೆಗೆಯುತ್ತೀರಿ? ಮುಖ್ಯವಾಗಿ, ಪಾಠ ಮಾಡುವವರು ಯಾರು? ಬಿಪಿಎಡ್, ಎಂಪಿಎಡ್ ಅಂತ ದೈಹಿಕ ಶಿಕ್ಷಣದ ಪದವಿ ಓದುವಾಗ ನಮಗೇ ಇದನ್ನು ಯಾರೂ ಸರಿಯಾಗಿ ಹೇಳಿಕೊಡಲಿಲ್ಲ. ಗೊತ್ತಿಲ್ಲದವರು ಪಾಠ ಮಾಡಿದರೆ ಗೈಡ್ ಓದಿ ಐದು ಮಾರ್ಕ್ಸಿನ ಟಿಪ್ಪಣಿ ಬರೆಸುತ್ತಾರೆ, ಅಷ್ಟೇ. ಆಯ್ಕೆಯ ಪೇಪರ್ ಅಂತ ಇಟ್ಟುಬಿಡಿ, ಆಸಕ್ತಿ ಇದ್ದವರು ತಗೊಳ್ಳಲಿ.

ಈವೆಂಟ್_ಸವಿತಾ

ಸರ್, ಆಯ್ಕೆಯ ಪೇಪರ್ ಇಟ್ಟರೆ ಈಗಾಗಲೇ ಕಾಳಜಿ ಇರುವ ನಾಲ್ಕು ಜನ ತಗೊಳ್ಳುತ್ತಾರೆ. ಮುಂದೆ ಸ್ಟೇಡಿಯಂ ನೋಡಿಕೊಳ್ಳುವವರು, ಮ್ಯಾರಥಾನ್ ನಡೆಸುವವರು, ಹೋಟೆಲ್ ಬುಕ್ ಮಾಡುವವರು ಉಳಿದ ಐವತ್ತು ಜನರಲ್ಲಿ ಇರುತ್ತಾರೆ. ತೊಂದರೆ ಆಗುವುದು ಅಲ್ಲೇ.

ಒಂದು ಉದಾಹರಣೆ ಕೊಡುತ್ತೇನೆ. 2012ರ ಡಿಸೆಂಬರ್‌ನಲ್ಲಿ ಅಂಧರ ಟಿ20 ವಿಶ್ವಕಪ್ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್ ನಾಯಕತ್ವದಲ್ಲಿ ಭಾರತ ಫೈನಲ್‌ನಲ್ಲಿ ಪಾಕಿಸ್ತಾನವನ್ನು ಸೋಲಿಸಿ ಗೆದ್ದಿತು, ಅದು ಎಲ್ಲರಿಗೂ ನೆನಪಿರಬಹುದು. ಅದೇ ಟೂರ್ನಿಯಲ್ಲಿ ಪಾಕಿಸ್ತಾನದ ನಾಯಕರು ಹೋಟೆಲ್‌ನಲ್ಲಿ ತಿಂಡಿಯ ಹೊತ್ತಿಗೆ ನೀರು ಅಂದುಕೊಂಡು ಸ್ವಚ್ಛಗೊಳಿಸುವ ದ್ರವ ಕುಡಿದು ಆಸ್ಪತ್ರೆ ಸೇರಿದ್ದರು. ಪುಣ್ಯಕ್ಕೆ ಹುಷಾರಾದರು. ಕಣ್ಣು ಕಾಣುವವರ ತಂಡ ಉಳಿದುಕೊಂಡಾಗ ಟೇಬಲ್ ಮೇಲೆ ಅಂಥ ಬಾಟಲಿ ಇದ್ದರೆ ಯಾರಾದರೂ ನೋಡಿ ತೆಗೆಸುತ್ತಾರೆ. ಅಂಧರ ತಂಡ ಇಳಿದುಕೊಂಡಾಗ ಹೌಸ್‌ಕೀಪಿಂಗ್‌ನವರಿಗೆ, ಊಟದ ಮನೆಯವರಿಗೆ ಮೊದಲೇ ಕೂರಿಸಿ ಹೇಳಿಕೊಡಬೇಕು. ಯಾವ ವಸ್ತು ಎಲ್ಲಿ ಇರಬೇಕು, ಜಾಗ ಬದಲಿಸಿದರೆ ಯಾರಿಗೆ ಹೇಳಬೇಕು, ಇದೆಲ್ಲ ಚೆಕ್‌ಲಿಸ್ಟ್‌ನಲ್ಲಿ ಬರಬೇಕು. ಇದು ಈವೆಂಟ್ ಮ್ಯಾನೇಜ್‌ಮೆಂಟ್ ಪೇಪರ್‌ನ ರಿಸ್ಕ್ ಪಾಠ. ಇದಕ್ಕೆ ಬೇರೆ ಪೇಪರ್ ಯಾಕೆ ಬೇಕು?

ನಾನು ಈಗ ಓಟದ ಈವೆಂಟ್‌ಗಳಲ್ಲಿ ಕೆಲಸ ಮಾಡುತ್ತೇನೆ. ಗಾಲಿಕುರ್ಚಿಯವರು ನೋಂದಣಿ ಮಾಡಿಸಿದರೆ ಅವರನ್ನು ಎಷ್ಟು ಹೊತ್ತಿಗೆ ಬಿಡಬೇಕು, ಹಂಪ್ ಇರುವ ರಸ್ತೆಯಲ್ಲಿ ಏನು ಮಾಡಬೇಕು, ಮೆಡಿಕಲ್ ಟೆಂಟ್‌ಗೆ ಅವರು ಹೇಗೆ ಬರಬೇಕು, ಕಾಲೇಜಿನಲ್ಲಿ ಇದರ ಬಗ್ಗೆ ಒಂದು ಸಾಲೂ ಓದಿರಲಿಲ್ಲ. ಎಲ್ಲ ಅವರನ್ನೇ ಕೇಳಿ ಕೇಳಿ ಕಲಿತದ್ದು.

ಗಾಲಿ_ಮೇಲೆ_ಬೆಂಗಳೂರು

ನಾನು ಗಾಲಿಕುರ್ಚಿ ಬಾಸ್ಕೆಟ್‌ಬಾಲ್ ಆಡುತ್ತೇನೆ. ಮೇಷ್ಟ್ರು ಹೇಳಿದ ಶಾಲಿನ ಕಾರ್ಯಕ್ರಮಕ್ಕೆ ನಾನೂ ಹೋಗಿದ್ದೇನೆ. ವೇದಿಕೆಗೆ ಮೆಟ್ಟಿಲು ಮಾತ್ರ ಇತ್ತು, ನಾಲ್ಕು ಹುಡುಗರು ಕುರ್ಚಿ ಸಮೇತ ನನ್ನನ್ನು ಎತ್ತಿ ಮೇಲೆ ಇಟ್ಟರು. ಎಲ್ಲರ ಎದುರು. ಆಮೇಲೆ ‘ಸ್ಫೂರ್ತಿ’ ಅಂತ ಭಾಷಣ. ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ, ಒಳ್ಳೆ ಮನಸ್ಸಿನಿಂದಲೇ ಎತ್ತಿದರು. ಆದರೆ ಅವರು ಓದುತ್ತಿದ್ದದ್ದು ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ರ‍್ಯಾಂಪ್ ಬೇಕು ಅನ್ನುವ ಲೆಕ್ಕ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಲಗೆ ಒರಗಿಸಿ ಇಟ್ಟರೆ ಅದು ರ‍್ಯಾಂಪ್ ಆಗುವುದಿಲ್ಲ, ನಾವು ಹಿಂದಕ್ಕೆ ಬೀಳುತ್ತೇವೆ.

ಇನ್ನೊಂದು ವಿಷಯ. ನಮಗೆ ಪ್ರಾಕ್ಟೀಸ್‌ಗೆ ಒಳಾಂಗಣ ಕೋರ್ಟ್ ಸಿಗುವುದೇ ದೊಡ್ಡ ಕಷ್ಟ. ಕೇಳಿದರೆ ‘ಮರದ ನೆಲ ಹಾಳಾಗುತ್ತದೆ, ಚಕ್ರದ ಗುರುತು ಬೀಳುತ್ತದೆ’ ಅಂತಾರೆ. ಆಟದ ಕುರ್ಚಿಯ ಟೈರ್ ಗುರುತು ಬೀಳದ ಥರದ್ದು ಇರುತ್ತದೆ ಅಂತ ಹೇಳಿದರೂ ನಂಬುವುದಿಲ್ಲ. ಎಷ್ಟೋ ಸಲ ಸಿಮೆಂಟ್ ಕೋರ್ಟ್‌ನಲ್ಲೇ ಆಡುತ್ತೇವೆ, ಟೈರ್ ಸವೆಯುತ್ತದೆ, ಬಿದ್ದರೆ ಮೊಣಕೈ ಚರ್ಮ ಕಿತ್ತು ಬರುತ್ತದೆ. ಬೇಡ ಅನ್ನುವವರು ಕೆಟ್ಟವರಲ್ಲ, ಅವರಿಗೆ ಗೊತ್ತಿಲ್ಲ. ಸ್ಟೇಡಿಯಂ ನೋಡಿಕೊಳ್ಳುವುದನ್ನು ಕಲಿಸುವ ಪೇಪರ್‌ನಲ್ಲಿ ಇದು ಅರ್ಧ ಗಂಟೆಯ ಪಾಠ. ಅರ್ಧ ಗಂಟೆ!

ಆಟದ ಒಳಗಿನ ನಿರ್ವಹಣೆಯೂ ಚೆನ್ನಾಗಿದೆ, ಪಾಠ ಮಾಡುವವರಿಗೆ ಉಪಯೋಗ ಆಗಬಹುದು. ನಮ್ಮಲ್ಲಿ ಪ್ರತಿ ಆಟಗಾರನಿಗೆ 1ರಿಂದ 4.5ರವರೆಗೆ ಪಾಯಿಂಟ್ ಇರುತ್ತದೆ, ಓಡಾಟ ಕಮ್ಮಿ ಇದ್ದಷ್ಟೂ ಪಾಯಿಂಟ್ ಕಮ್ಮಿ. ಅಂಗಳದಲ್ಲಿರುವ ಐದು ಜನರ ಮೊತ್ತ 14 ದಾಟಬಾರದು. ಅಂದರೆ ಓಡಾಟ ಕಮ್ಮಿ ಇರುವ ಆಟಗಾರ ತಂಡಕ್ಕೆ ಹೊರೆ ಅಲ್ಲ, ಅವನಿಲ್ಲದೆ ತಂಡವೇ ಕಟ್ಟಲಾಗುವುದಿಲ್ಲ. ಕೋಚ್ ಪ್ರತಿ ಬದಲಾವಣೆಗೂ ಲೆಕ್ಕ ಹಾಕುತ್ತಾ ಇರುತ್ತಾನೆ. ವಿದ್ಯಾರ್ಥಿಗಳಿಗೆ ಹನ್ನೆರಡು ಜನರ ಪಟ್ಟಿ ಕೊಟ್ಟು ತಂಡ ಮಾಡಿ ಅಂತ ಹೇಳಿ ನೋಡಿ, ಒಂದು ಗಂಟೆ ಹೇಗೆ ಹೋಯಿತು ಅಂತ ಗೊತ್ತಾಗುವುದಿಲ್ಲ.

ಧಾರವಾಡ_ಪಿಡಿ

ಈ 14 ಪಾಯಿಂಟ್‌ನ ವಿಷಯ ನನಗೆ ಹೊಸದು, ಥ್ಯಾಂಕ್ಸ್. ಆದರೆ ಕ್ಲಾಸಿಫಿಕೇಶನ್, ಅಂದರೆ ಯಾರು ಯಾವ ವರ್ಗ ಅಂತ ನಿರ್ಧರಿಸುವುದು, ವೈದ್ಯರ ಕೆಲಸ ಅಲ್ವಾ? ಸ್ನಾಯು ಬಲ, ಕೀಲು ಚಲನೆ ಎಲ್ಲ ನೋಡಬೇಕು. ಮ್ಯಾನೇಜ್‌ಮೆಂಟ್ ಹುಡುಗರಿಗೆ ಅದನ್ನು ಹೇಗೆ ಕಲಿಸುವುದು?

ತುಮಕೂರು_ಮೇಷ್ಟ್ರು

ಪರೀಕ್ಷೆ ಮಾಡುವುದು ಅವರ ಕೆಲಸ ಅಲ್ಲ ಸರ್. ಆದರೆ ವರ್ಗ ತಪ್ಪಿದರೆ ಏನಾಗುತ್ತದೆ ಅನ್ನುವುದು ಪೂರ್ತಿ ಮ್ಯಾನೇಜರ್ ತಲೆನೋವು. ಟೋಕಿಯೋದಲ್ಲಿ ನಮ್ಮ ವಿನೋದ್ ಕುಮಾರ್ ಡಿಸ್ಕಸ್‌ನಲ್ಲಿ ಎಫ್52 ವರ್ಗದಲ್ಲಿ (ಕೂತು ಎಸೆಯುವವರ ಒಂದು ವರ್ಗ) ಎಸೆದು ಮೂರನೆಯವರಾದರು. ಸ್ಪರ್ಧೆಗೆ ಕೆಲವೇ ದಿನ ಮೊದಲು ಅಲ್ಲೇ ಅವರ ಕ್ಲಾಸಿಫಿಕೇಶನ್ ಆಗಿತ್ತು. ಬೇರೆ ದೇಶದವರು ತಕರಾರು ಎತ್ತಿದರು, ಮತ್ತೆ ಪರಿಶೀಲನೆ ಆಯಿತು, ಆ ವರ್ಗಕ್ಕೆ ಅರ್ಹರಲ್ಲ ಅಂತ ಕಂಚು ಹೋಯಿತು. ಮನೆಯವರು ಸಂಭ್ರಮ ಮಾಡಿ ಆಗಿತ್ತು, ಟಿವಿಯಲ್ಲಿ ಬಂದಾಗಿತ್ತು. ಆ ಮನುಷ್ಯನ ಪರಿಸ್ಥಿತಿ ಯೋಚಿಸಿ. ಆ ಹೊತ್ತಲ್ಲಿ ಟೀಮ್ ಮ್ಯಾನೇಜರ್ ಏನು ಮಾಡಬೇಕು? ಯಾವ ಕಾಗದ ಕೈಯಲ್ಲಿ ಇರಬೇಕು? ಅಂತಾರಾಷ್ಟ್ರೀಯ ಕ್ಲಾಸಿಫಿಕೇಶನ್ ಎಷ್ಟು ಮೊದಲೇ ಮಾಡಿಸಿರಬೇಕಿತ್ತು? ಪತ್ರಿಕೆಯವರಿಗೆ ಏನು ಹೇಳಬೇಕು?

ಇದರ ಇನ್ನೊಂದು ಮುಖ 2000ದ ಸಿಡ್ನಿ. ಬೌದ್ಧಿಕ ಅಂಗವೈಕಲ್ಯದವರ ಬಾಸ್ಕೆಟ್‌ಬಾಲ್‌ನಲ್ಲಿ ಸ್ಪೇನ್ ಚಿನ್ನ ಗೆದ್ದಿತು. ಆಮೇಲೆ ನೋಡಿದರೆ ಹನ್ನೆರಡು ಜನರಲ್ಲಿ ಹತ್ತು ಜನಕ್ಕೆ ಅಂಗವೈಕಲ್ಯವೇ ಇರಲಿಲ್ಲ. ಮೋಸ ಮಾಡಿದವರು ಕೆಲವೇ ಜನ, ಶಿಕ್ಷೆ ಸಿಕ್ಕಿದ್ದು ಜಗತ್ತಿನ ಎಲ್ಲ ಬೌದ್ಧಿಕ ಅಂಗವಿಕಲ ಕ್ರೀಡಾಪಟುಗಳಿಗೆ. 2012ರ ಲಂಡನ್‌ವರೆಗೂ ಅವರಿಗೆ ಪ್ಯಾರಾಲಿಂಪಿಕ್ಸ್ ಬಾಗಿಲು ಮುಚ್ಚಿತ್ತು. ಕ್ರೀಡಾ ನೀತಿ ಪಾಠಕ್ಕೆ ಇದಕ್ಕಿಂತ ಗಟ್ಟಿ ಉದಾಹರಣೆ ನನಗೆ ಗೊತ್ತಿಲ್ಲ.

ಬಿ2_ಬ್ಯಾಟರ್

ನಾನು ಅಂಧರ ಕ್ರಿಕೆಟ್ ಆಡುವವನು, ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ನಲ್ಲಿ ಎಲ್ಲ ಕೇಳಿಸಿಕೊಂಡೆ. ಸವಿತಾ ಅಕ್ಕ ಹೇಳಿದ ಬೆಂಗಳೂರು ಘಟನೆ ನಮ್ಮವರೆಲ್ಲರಿಗೂ ಗೊತ್ತು.

ನನ್ನದು ಒಂದೇ ಕೋರಿಕೆ. ದಯವಿಟ್ಟು ನಿಮ್ಮ ಮಕ್ಕಳಿಗೆ ಸದ್ದಿನ ಬಗ್ಗೆ ಹೇಳಿಕೊಡಿ. ನಮ್ಮ ಚೆಂಡಿನ ಒಳಗೆ ಸಣ್ಣ ಗುಂಡುಗಳಿವೆ, ಆ ಸದ್ದು ಕೇಳಿ ಆಡುತ್ತೇವೆ. ಬೌಲರ್ ‘ರೆಡಿ’ ಅಂತಾನೆ, ಬ್ಯಾಟರ್ ‘ಯೆಸ್’ ಅಂತಾನೆ, ‘ಪ್ಲೇ’ ಅಂತ ಕೈ ಕೆಳಗಿನಿಂದ ಎಸೆಯುತ್ತಾನೆ. ಪ್ರೀತಿಯಿಂದಲೇ ಪ್ರದರ್ಶನ ಪಂದ್ಯ ಇಡುತ್ತಾರೆ, ಪಕ್ಕದಲ್ಲೇ ಡಿಜೆ ಹಾಕುತ್ತಾರೆ, ಡೊಳ್ಳು ಬಾರಿಸುತ್ತಾರೆ. ಅಲ್ಲಿಗೆ ನಮ್ಮ ಆಟ ಮುಗಿಯಿತು. ಅಂಧರ ಇನ್ನೊಂದು ಆಟ ಗೋಲ್‌ಬಾಲ್‌ನಲ್ಲೂ ಹಾಗೇ, ಗಂಟೆ ಇರುವ ಚೆಂಡು, ಆಟ ನಡೆಯುವಾಗ ಪ್ರೇಕ್ಷಕರು ಬಾಯಿ ಮುಚ್ಚಿರಬೇಕು, ಗೋಲ್ ಆದಮೇಲೆ ಕೂಗಬಹುದು. ಪ್ರೇಕ್ಷಕರನ್ನು ಸುಮ್ಮನಿರಿಸುವುದು, ಆದರೂ ಅವರಿಗೆ ಬೇಜಾರಾಗದ ಹಾಗೆ ನೋಡಿಕೊಳ್ಳುವುದು ದೊಡ್ಡ ಕಲೆ. ಅದನ್ನು ಕಲಿತವರು ಬೇಕು.

ದುಡ್ಡಿನ ಲೆಕ್ಕವೂ ಹಾಕಿಸಿ. ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಟಿ11 ವರ್ಗದ (ಕಣ್ಣು ಬಹುತೇಕ ಕಾಣದವರ ವರ್ಗ) 1500 ಮೀಟರ್ ಓಟಗಾರ್ತಿ. 2018ರಲ್ಲಿ ಜಕಾರ್ತದ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಚಿನ್ನ ಗೆದ್ದರು, ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ಗೂ ಹೋದರು. ಆ ವರ್ಗದಲ್ಲಿ ಗೈಡ್ ಓಟಗಾರ ಇಲ್ಲದೆ ಓಡುವ ಹಾಗೇ ಇಲ್ಲ. ಇಬ್ಬರ ಕೈಗೂ ಒಂದೇ ದಾರ. ಅಂದರೆ ಒಬ್ಬ ಕ್ರೀಡಾಪಟುವಿಗೆ ಎರಡು ಟಿಕೆಟ್, ಎರಡು ಊಟ, ಎರಡು ಜೊತೆ ಶೂ, ಇಬ್ಬರಿಗೂ ತರಬೇತಿ. ಗೈಡ್‌ಗೆ ಕೆಲಸಕ್ಕೆ ರಜಾ ಸಿಗದಿದ್ದರೆ ಇವರ ತರಬೇತಿಯೂ ನಿಂತ ಹಾಗೆ. ಬಜೆಟ್ ಹಾಕುವ ಮ್ಯಾನೇಜರ್‌ಗೆ ಇದು ಮೊದಲೇ ಗೊತ್ತಿರಬೇಕು. ಆಮೇಲೆ ‘ಎಕ್ಸ್‌ಟ್ರಾ ಖರ್ಚು’ ಅಂತ ಮುಖ ಸಣ್ಣ ಮಾಡಿದರೆ ನಮಗೆ ನೋವಾಗುತ್ತದೆ.

ಮತ್ತೆ ಧಾರವಾಡದ ಸರ್‌ಗೆ: ನಮ್ಮ ಕ್ರಿಕೆಟ್ ನಡೆಸುವುದು ಬಿಸಿಸಿಐ ಅಲ್ಲ, ಬೆಂಗಳೂರಿನ ಸಮರ್ಥನಂ ಟ್ರಸ್ಟ್ ಬೆಂಬಲದ ಸಿಎಬಿಐ, ಅಂದರೆ ಭಾರತದ ಅಂಧರ ಕ್ರಿಕೆಟ್ ಸಂಸ್ಥೆ. 2025ರಲ್ಲಿ ಅಂಧ ಮಹಿಳೆಯರ ಮೊದಲ ಟಿ20 ವಿಶ್ವಕಪ್ ಗೆದ್ದ ತಂಡದ ನಾಯಕಿ ದೀಪಿಕಾ ನಮ್ಮ ಕರ್ನಾಟಕದವರೇ. ಇಂಥ ಸಂಸ್ಥೆಗಳಲ್ಲೂ ಕೆಲಸಗಳಿವೆ. ಸಂಬಳ ಐಪಿಎಲ್‌ನಷ್ಟು ಇರಲಿಕ್ಕಿಲ್ಲ.

ಕಡಲಾಚೆ_ಕನ್ನಡತಿ

ನಾನು ಅಮೆರಿಕದಲ್ಲಿ ಇದೇ ವಿಷಯ ಓದುತ್ತಿದ್ದೇನೆ. ಮೇಷ್ಟ್ರು ಕೇಳಿದ ‘ಪ್ರತ್ಯೇಕವಾ, ಒಳಗೇ ಸೇರಿಸುವುದಾ’ ಅನ್ನುವ ಪ್ರಶ್ನೆ ಇಲ್ಲಿ ಹಳೆಯದು. 1994ರಲ್ಲಿ ಕ್ಯಾರೆನ್ ಡಿಪಾ ಮತ್ತು ಗ್ರೇಸ್ ಗಾಕ್ ಕಾರ್ಪ್ ಅನ್ನುವ ಇಬ್ಬರು ದೈಹಿಕ ಶಿಕ್ಷಣದ ಸಿಲಬಸ್ ಬಗ್ಗೆ ಬರೆಯುತ್ತಾ, ಒಂದು ಪಾಠ ಅಂಟಿಸುವುದು ಮೊದಲ ಹಂತ, ಎಲ್ಲ ವಿಷಯದ ಒಳಗೂ ಹರಡಿಸುವುದು ಕೊನೆಯ ಹಂತ ಅಂತ ವಾದಿಸಿದರು. ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್‌ನವರು ಅದನ್ನು ಆಮೇಲೆ ಎತ್ತಿಕೊಂಡರು. ಹಾಗಂತ ಇಲ್ಲಿ ಎಲ್ಲ ಸರಿಯಾಗಿದೆ ಅಂದುಕೊಳ್ಳಬೇಡಿ. ಇಲ್ಲೂ ತುಂಬಾ ಕಡೆ ಒಂದು ಅತಿಥಿ ಉಪನ್ಯಾಸದಲ್ಲೇ ಮುಗಿಯುತ್ತದೆ. ಆದರೆ ಇಲಿನಾಯ್, ಅಲಬಾಮಾ ಥರದ ವಿಶ್ವವಿದ್ಯಾಲಯಗಳಲ್ಲಿ ಗಾಲಿಕುರ್ಚಿ ಬಾಸ್ಕೆಟ್‌ಬಾಲ್ ತಂಡಗಳೇ ಇವೆ, ಬೇರೆ ವಿಶ್ವವಿದ್ಯಾಲಯಗಳ ಜೊತೆ ಪಂದ್ಯ ಆಡುತ್ತವೆ. ಕ್ಯಾಂಪಸ್‌ನಲ್ಲೇ ತಂಡ ಇದ್ದರೆ ಕಲಿಯುವುದು ಸುಲಭ. ಅದೇ ದೊಡ್ಡ ವ್ಯತ್ಯಾಸ.

ಒಂದು ಎಚ್ಚರಿಕೆ. ವಿದ್ಯಾರ್ಥಿಗಳ ಕಣ್ಣಿಗೆ ಬಟ್ಟೆ ಕಟ್ಟಿ ಓಡಾಡಿಸುವುದು, ಒಂದು ದಿನ ಗಾಲಿಕುರ್ಚಿಯಲ್ಲಿ ಕೂರಿಸುವುದು ತುಂಬಾ ಜನಪ್ರಿಯ. ನನಗೆ ಅದು ಇಷ್ಟ ಇಲ್ಲ. ಹೊಸದಾಗಿ ಕೂತವರಿಗೆ ಬರೀ ಕಷ್ಟ ಕಾಣುತ್ತದೆ, ವರ್ಷಗಟ್ಟಲೆ ಅದರಲ್ಲೇ ಬದುಕಿದವರ ಕೌಶಲ ಕಾಣುವುದಿಲ್ಲ. ಕೊನೆಗೆ ‘ಪಾಪ’ ಅನ್ನುವ ಭಾವನೆ ಹೊತ್ತು ಹೊರಗೆ ಬರುತ್ತಾರೆ. ಅದರ ಬದಲು ಟೇಪು, ನೋಟ್‌ಬುಕ್ ಕೊಟ್ಟು ನಿಮ್ಮ ಊರಿನ ಕ್ರೀಡಾಂಗಣಕ್ಕೆ ಕಳಿಸಿ. ಗೇಟಿನ ಅಗಲ, ಟಿಕೆಟ್ ಕೌಂಟರ್ ಎತ್ತರ, ಶೌಚಾಲಯದ ಬಾಗಿಲು, ಕೂರುವ ಜಾಗದಿಂದ ಆಟ ಕಾಣುತ್ತದಾ ಇಲ್ವಾ, ಎಲ್ಲ ಅಳೆದು ಬರಲಿ. ಜೊತೆಗೆ ಅಂಗವಿಕಲ ಕ್ರೀಡಾಪಟು ಒಬ್ಬರನ್ನು ಸಲಹೆಗಾರರಾಗಿ ಕರೆದುಕೊಂಡು ಹೋಗಿ, ಅವರಿಗೆ ಸಂಭಾವನೆ ಕೊಡಿ.

ಮಾರ್ಕೆಟಿಂಗ್ ಪೇಪರ್‌ಗೆ ಲಂಡನ್ 2012 ತಗೊಳ್ಳಿ. 27 ಲಕ್ಷಕ್ಕೂ ಜಾಸ್ತಿ ಟಿಕೆಟ್ ಮಾರಾಟವಾಯಿತು. ಪ್ರಸಾರ ಮಾಡಿದ ಚಾನೆಲ್ 4 ಕ್ರೀಡಾಪಟುಗಳನ್ನು ‘ಸೂಪರ್‌ಹ್ಯೂಮನ್’ ಅಂತ ತೋರಿಸಿತು. ಜನರಿಗೆ ಹಿಡಿಸಿತು, ಆದರೆ ಅಂಗವಿಕಲರಲ್ಲೇ ಬಹಳ ಜನ ವಿರೋಧಿಸಿದರು. ಪದಕ ಗೆಲ್ಲದ, ಸುಮ್ನೆ ಬಸ್ಸು ಹತ್ತಬೇಕು ಅನ್ನುವ ಅಂಗವಿಕಲರ ಗತಿ ಏನು ಅಂತ ಕೇಳಿದರು. ಎರಡೂ ಕಡೆಯ ವಾದ ಮಕ್ಕಳ ಮುಂದಿಡಿ.

ಗಾಲಿ_ಮೇಲೆ_ಬೆಂಗಳೂರು

ಬಟ್ಟೆ ಕಟ್ಟುವ ವಿಷಯಕ್ಕೆ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ ಮೇಡಂ. ಸುಮ್ನೆ ಕುರ್ಚಿಯಲ್ಲಿ ಕೂರಿಸುವುದು ಬೇಡ, ಒಪ್ಪುತ್ತೇನೆ. ಆದರೆ ನಮ್ಮ ಜೊತೆ ಆಡಲಿ! ಆಟದ ಕುರ್ಚಿಯಲ್ಲಿ ಕೂತು ಹತ್ತು ನಿಮಿಷ ನಮ್ಮ ವಿರುದ್ಧ ಬಾಸ್ಕೆಟ್‌ಬಾಲ್ ಆಡಿದವರು ಯಾರೂ ‘ಪಾಪ’ ಅಂದದ್ದು ನಾನು ಕೇಳಿಲ್ಲ. ಇದು ಆಟ ಅನ್ನುವುದು ಆಗ ಅರ್ಥವಾಗುತ್ತದೆ.

ಎರಡನೇ_ಸೆಮ್

ನಾನು ಬಿಬಿಎ ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ವಿದ್ಯಾರ್ಥಿನಿ. ನನಗೆ ಒಂದು ಕೈ ಮೊಣಕೈವರೆಗೆ ಮಾತ್ರ ಇದೆ. ಇಲ್ಲಿ ಎಲ್ಲರೂ ಅಂಗವಿಕಲರನ್ನು ಆಟಗಾರರು ಅಂತಲೇ ಮಾತಾಡುತ್ತಿದ್ದೀರಿ. ನಾನು ಆಟಗಾರ್ತಿ ಅಲ್ಲ. ನನಗೆ ಮ್ಯಾನೇಜರ್ ಆಗಬೇಕು. ಕ್ಲಾಸಿಗೆ ಹೊಸ ಮೇಷ್ಟ್ರು ಬಂದಾಗಲೆಲ್ಲ ‘ನೀನು ಯಾವ ಪ್ಯಾರಾ ಆಟ ಆಡುತ್ತೀಯಾ’ ಅಂತಾರೆ. ಇಂಟರ್ನ್‌ಶಿಪ್‌ಗೆ ಹೋದರೆ ‘ಓಡಾಟದ ಕೆಲಸ, ನಿನಗೆ ಕಷ್ಟ’ ಅಂತ ರಿಜಿಸ್ಟ್ರೇಶನ್ ಟೇಬಲ್‌ನಲ್ಲಿ ಕೂರಿಸುತ್ತಾರೆ. ನನ್ನ ಕಾಲು ಚೆನ್ನಾಗಿಯೇ ಇವೆ.

ದೀಪಾ ಮಲಿಕ್ ರಿಯೋದಲ್ಲಿ ಶಾಟ್‌ಪುಟ್ ಬೆಳ್ಳಿ ಗೆದ್ದವರು, ಆಮೇಲೆ ಭಾರತೀಯ ಪ್ಯಾರಾಲಿಂಪಿಕ್ ಸಮಿತಿಯ ಅಧ್ಯಕ್ಷೆಯಾದರು. ಅವರ ನಂತರ 2024ರಲ್ಲಿ ಜಾವೆಲಿನ್‌ನ ದೇವೇಂದ್ರ ಝಝಾರಿಯಾ ಅಧ್ಯಕ್ಷರಾದರು. ಹಾಸನದಲ್ಲಿ ಹುಟ್ಟಿ ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದಿದ ಸುಹಾಸ್ ಯತಿರಾಜ್ ಐಎಎಸ್ ಅಧಿಕಾರಿಯಾಗಿ ಕೆಲಸ ಮಾಡುತ್ತಲೇ ಬ್ಯಾಡ್ಮಿಂಟನ್‌ನಲ್ಲಿ ಎರಡು ಪ್ಯಾರಾಲಿಂಪಿಕ್ ಬೆಳ್ಳಿ ತಂದರು. ಆಡಳಿತ ಮಾಡುವ ಅಂಗವಿಕಲರು ಇದ್ದಾರೆ. ಆದರೆ ಪದಕ ಗೆಲ್ಲದೆಯೂ ಆ ಕುರ್ಚಿಗೆ ಹೋಗುವ ದಾರಿ ಈ ಕೋರ್ಸು ಆಗಬೇಕು. ಸಿಲಬಸ್ ಜೊತೆ ಇದನ್ನೂ ಸೇರಿಸಿ ಸರ್: ಪ್ರಾಕ್ಟಿಕಲ್, ಫೀಲ್ಡ್ ವಿಸಿಟ್, ಇಂಟರ್ನ್‌ಶಿಪ್ ಮೂರೂ ನನ್ನಂಥವರಿಗೂ ಪೂರ್ತಿ ಸಿಗಬೇಕು.

ಈವೆಂಟ್_ಸವಿತಾ

@ಎರಡನೇ_ಸೆಮ್, ನಿನಗೆ ಈವೆಂಟ್ ಕೆಲಸ ಕಲಿಯಬೇಕು ಅಂದರೆ ನನಗೆ ಇಲ್ಲೇ ಮೆಸೇಜ್ ಮಾಡು. ಟೇಬಲ್‌ನಲ್ಲಿ ಅಲ್ಲ, ಓಟದ ದಾರಿ ನೋಡಿಕೊಳ್ಳುವ ಕೋರ್ಸ್ ಮಾರ್ಷಲ್‌ಗಳ ಜೊತೆ ಹಾಕುತ್ತೇನೆ.

ಧಾರವಾಡ_ಪಿಡಿ

ಈ ಹುಡುಗಿ ಬರೆದದ್ದನ್ನು ಎರಡು ಸಲ ಓದಿದೆ. ಪ್ರತ್ಯೇಕ ಪೇಪರ್‌ಗೆ ಜಾಗ ಇಲ್ಲ ಅನ್ನುವ ನನ್ನ ಮಾತು ಹಾಗೇ ಇದೆ. ಆದರೆ ಇರುವ ಪೇಪರ್‌ಗಳ ಒಳಗೆ ಹರಡಿಸುವುದಾದರೆ ಕ್ರೆಡಿಟ್ ಸಮಸ್ಯೆಯೇ ಬರುವುದಿಲ್ಲ, ಸಮಿತಿಯಲ್ಲಿ ಒಪ್ಪಿಸುವುದೂ ಸುಲಭ. ನನ್ನ ಅನುಭವದಿಂದ ಒಂದು ಮಾತು: ಪರೀಕ್ಷೆಯಲ್ಲಿ ಪ್ರಶ್ನೆ ಬರದಿದ್ದರೆ ಯಾರೂ ಪಾಠ ಮಾಡುವುದಿಲ್ಲ. ಪ್ರತಿ ಪೇಪರ್‌ನಲ್ಲಿ ಕಡ್ಡಾಯ ಪ್ರಶ್ನೆ ಇಡಿಸಿ.

ಸಮಿತಿಯಲ್ಲಿ ‘ಇದು ಯಾಕೆ ಬೇಕು’ ಅಂತ ಕೇಳುವವರು ಇದ್ದೇ ಇರುತ್ತಾರೆ. ಅವರಿಗೆ ಏನು ಹೇಳುತ್ತೀರಿ?

ತುಮಕೂರು_ಮೇಷ್ಟ್ರು

ಕಾನೂನು ತೋರಿಸುತ್ತೇನೆ ಸರ್. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 30ನೇ ಸೆಕ್ಷನ್ ಪೂರ್ತಿ ಕ್ರೀಡೆಯ ಬಗ್ಗೆಯೇ ಇದೆ. ಅಂಗವಿಕಲರು ಎಲ್ಲ ಕ್ರೀಡೆಗಳಲ್ಲಿ ಭಾಗವಹಿಸುವಂತೆ ಕೋರ್ಸು ಮತ್ತು ಕಾರ್ಯಕ್ರಮಗಳನ್ನು ಮರುರೂಪಿಸಬೇಕು, ಕ್ರೀಡಾ ಸೌಲಭ್ಯಗಳನ್ನು ಬದಲಿಸಬೇಕು, ಹಣ ಇಡಬೇಕು ಅಂತ ಅದರಲ್ಲೇ ಬರೆದಿದೆ. ಆ ಕಾಯ್ದೆ ಗುರುತಿಸುವ ಅಂಗವೈಕಲ್ಯಗಳು 21. ನಮ್ಮ ಕ್ರೀಡಾ ಕಾನೂನು ಪೇಪರ್‌ನಲ್ಲಿ ಡೋಪಿಂಗ್ ಇದೆ, ಬೆಟ್ಟಿಂಗ್ ಇದೆ, ಇದು ಇಲ್ಲ.

ಇನ್ನೊಂದು, 2015ರ ಘಾಜಿಯಾಬಾದ್. ರಾಷ್ಟ್ರೀಯ ಪ್ಯಾರಾ ಅಥ್ಲೆಟಿಕ್ಸ್ ಕೂಟಕ್ಕೆ ಬಂದವರನ್ನು ಕೆಲಸ ಮುಗಿಯದ ಕಟ್ಟಡದಲ್ಲಿ ಇಳಿಸಿದರು, ಅವರು ಬಳಸಬಹುದಾದ ಶೌಚಾಲಯ ಇರಲಿಲ್ಲ. ಅದಾದಮೇಲೆ ಅಂತಾರಾಷ್ಟ್ರೀಯ ಸಮಿತಿ ನಮ್ಮ ಪ್ಯಾರಾಲಿಂಪಿಕ್ ಸಮಿತಿಯನ್ನೇ ಅಮಾನತು ಮಾಡಿತು. ಹತ್ತು ವರ್ಷದ ನಂತರ, 2025ರಲ್ಲಿ, ಅದೇ ದೇಶ ದೆಹಲಿಯಲ್ಲಿ ವಿಶ್ವ ಪ್ಯಾರಾ ಅಥ್ಲೆಟಿಕ್ಸ್ ನಡೆಸಿತು, ನಮ್ಮವರು 22 ಪದಕ ಗೆದ್ದರು. ಈ ಎರಡು ಕೂಟಗಳನ್ನು ಪಕ್ಕಪಕ್ಕ ಇಟ್ಟು ಪಾಠ ಮಾಡಿದರೆ ಅಲ್ಲಿ ನಿರ್ವಹಣೆಯ ಎಲ್ಲ ಅಧ್ಯಾಯಗಳೂ ಬರುತ್ತವೆ.

ಹಾಗಾದರೆ ನಾನು ಕಳಿಸುವ ಕರಡು ಹೀಗಿರುತ್ತದೆ. ಈವೆಂಟ್, ಸೌಲಭ್ಯ, ಮಾರ್ಕೆಟಿಂಗ್, ಕಾನೂನು, ಹಣಕಾಸು, ಈ ಐದೂ ಪೇಪರ್‌ಗಳಲ್ಲಿ ಅಂಗವಿಕಲರ ಕ್ರೀಡೆಯ ಒಂದೊಂದು ಪ್ರಕರಣ ಮತ್ತು ಕಡ್ಡಾಯ ಪ್ರಶ್ನೆ. ಮೊದಲ ಸೆಮಿಸ್ಟರ್‌ನಲ್ಲಿ ಪ್ಯಾರಾಲಿಂಪಿಕ್ಸ್, ಸ್ಪೆಷಲ್ ಒಲಿಂಪಿಕ್ಸ್ (ಬೌದ್ಧಿಕ ಅಂಗವೈಕಲ್ಯದವರದ್ದು), ಡೆಫ್ಲಿಂಪಿಕ್ಸ್ (ಕಿವುಡರದ್ದು) ಮೂರೂ ಬೇರೆ ಬೇರೆ ಅನ್ನುವುದರಿಂದ ಶುರು. ಕ್ರೀಡಾಂಗಣ ಅಳೆಯುವ ಕೆಲಸಕ್ಕೆ ಇಂಟರ್ನಲ್ ಮಾರ್ಕ್ಸ್. ಬರುವ ಕ್ರೀಡಾಪಟುಗಳಿಗೆ ಶಾಲಿನ ಬದಲು ಪಾಠದ ಸಂಭಾವನೆ, ಅವರಿಂದ ಸ್ಫೂರ್ತಿ ಭಾಷಣ ಕೇಳುವ ಹಾಗಿಲ್ಲ. ಇಂಟರ್ನ್‌ಶಿಪ್ ಬಗ್ಗೆ ಎರಡನೇ_ಸೆಮ್ ಬರೆದದ್ದನ್ನು ನಿಯಮದ ರೂಪದಲ್ಲಿ ಸೇರಿಸುತ್ತೇನೆ.

ಯಾವ ಪೇಪರ್‌ಗೆ ಯಾವ ಪ್ರಕರಣ ಅಂತ ಕರಡನ್ನು ಈ ವಾರ ಇಲ್ಲೇ ಹಾಕುತ್ತೇನೆ, ಎಲ್ಲರೂ ತಿದ್ದಿ. ಬಿ2_ಬ್ಯಾಟರ್ ಅವರೇ, ಫೈಲ್ ಸ್ಕ್ರೀನ್ ರೀಡರ್‌ನಲ್ಲಿ ಸರಿಯಾಗಿ ಓದುತ್ತದಾ ಅಂತ ನೀವು ಮೊದಲು ನೋಡಿ ಹೇಳಬೇಕು.

ಬಿ2_ಬ್ಯಾಟರ್

ಖಂಡಿತ ಸರ್. ಸ್ಕ್ಯಾನ್ ಮಾಡಿದ ಪಿಡಿಎಫ್ ಹಾಕಬೇಡಿ, ಅದು ನಮಗೆ ಬರೀ ಚಿತ್ರ, ಓದುವುದಿಲ್ಲ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ವರ್ಡ್ ಫೈಲ್ ಕಳಿಸಿ. ನುಡಿಯ ಹಳೇ ಫಾಂಟ್‌ನಲ್ಲಿದ್ದರೆ ಬದಲಾಯಿಸಿ ಕಳಿಸಿ, ಎರಡು ದಿನದಲ್ಲಿ ನೋಡಿ ಹೇಳುತ್ತೇನೆ.